ಯುಗಾದಿಗೆ ಮೊದಲು ಮೂರು ಬೆಟ್ಟ: ಮಧುಗಿರಿ, ದೇವರಾಯನದುರ್ಗ, ಅಂತರಗಂಗೆ

ಶಿವರಾತ್ರಿಯಿಂದ ಯುಗಾದಿಯವರೆಗಿನ ಒಂದು ತಿಂಗಳು ನಮ್ಮ ಬಯಲುಸೀಮೆಯ ಬೆಟ್ಟ ಹತ್ತುವವರಿಗೆ ಎರಡು ಋತುಗಳ ಕಾಲ. ಬೆಳಗ್ಗೆ ಆರಕ್ಕೆ ಸ್ವೆಟರ್ ಬೇಕೆನಿಸುತ್ತದೆ, ಹತ್ತೂವರೆಗೆ ಬಂಡೆ ಕಾದ ಹೆಂಚಾಗಿರುತ್ತದೆ. ತುಮಕೂರಿನಲ್ಲಿ ನೆಲೆಸಿರುವ ನಾನು ಇದೇ ಅವಧಿಯ ಮೂರು ಭಾನುವಾರಗಳಲ್ಲಿ, ಮೂರೂ ಸಲ ಬೆಳಕು ಹರಿಯುವ ಹೊತ್ತಿಗೆ ಹೊರಟು, ಮಧುಗಿರಿ, ದೇವರಾಯನದುರ್ಗ ಮತ್ತು ಕೋಲಾರದ ಅಂತರಗಂಗೆಯನ್ನು ಹತ್ತಿ ನೋಡಿದೆ. ಸ್ಕಂದಗಿರಿಗೆ ಮುಂಗಡವಾಗಿ ಟಿಕೆಟ್ ಕಾಯ್ದಿರಿಸಬೇಕಾದುದರಿಂದ ಅದನ್ನು ಈ ಸಲ ಕೈಬಿಟ್ಟೆ. ಮೂರೂ ಬೆಟ್ಟಗಳು ಸುಮಾರು 1,200 ಮೀಟರಿನ ಆಸುಪಾಸಿನವೇ ಆದ್ದರಿಂದ ಎತ್ತರವನ್ನು ಹೋಲಿಸಿ ಪ್ರಯೋಜನವಿಲ್ಲ; ಈ ಕಾಲದಲ್ಲಿ ನೋಡಬೇಕಾದದ್ದು ಇಳಿಯುವ ಹೊತ್ತಿನ ನೆರಳನ್ನು.

ಆ ಲೆಕ್ಕದಲ್ಲಿ ಮಧುಗಿರಿ ಅತ್ಯಂತ ಕಠಿಣ. ಕೋಟೆಯ ಕೆಳಗಿನ ಬಾಗಿಲುಗಳನ್ನು ದಾಟುವವರೆಗೆ ಮೆಟ್ಟಿಲುಗಳಿವೆ. ಅನಂತರ ಏಕಶಿಲೆಯ ಬೋಳು ಮೈಮೇಲೆ ಪಾದ ಊರುವಷ್ಟೇ ಕೊರೆದ ಕಚ್ಚುಗಳು, ಕಡಿದಾದ ಕಡೆ ಹಿಡಿಯಲು ಕಬ್ಬಿಣದ ಕಂಬಿ. ಹತ್ತುವಾಗ ತಣ್ಣಗಿದ್ದ ಅದೇ ಕಂಬಿಯನ್ನು ಇಳಿಯುವಾಗ ಬರಿಗೈಯಲ್ಲಿ ಹಿಡಿಯಲಾಗದೆ, ಕರವಸ್ತ್ರ ಸುತ್ತಿಕೊಂಡು, ಕೆಲವೆಡೆ ಕುಳಿತುಕೊಂಡೇ ಜಾರುತ್ತಾ ಬಂದೆ. ಬಂಡೆಯ ಕಡಿದಾದ ಇಳಿಜಾರು ನನ್ನನ್ನು ಅಷ್ಟಾಗಿ ಹೆದರಿಸಲಿಲ್ಲ. ಅದರ ಮೇಲೆ ಉದುರಿ ಬಿದ್ದ ನೊರಜುಗಲ್ಲು ಹೆದರಿಸಿತು, ಏಕೆಂದರೆ ಒಳ್ಳೆಯ ಹಿಡಿತದ ಬೂಟು ಕೂಡ ಅದರ ಮೇಲೆ ರಾಗಿಕಾಳಿನ ಮೇಲೆ ಇಟ್ಟಂತೆ ಉರುಳುತ್ತದೆ. ಮಳೆನೀರು ಹರಿದು ಕಪ್ಪಾದ ಪಟ್ಟೆಗಳು ಒಣಗಿದ್ದಾಗ ಪಾದಕ್ಕೆ ಚೆನ್ನಾಗಿ ಕಚ್ಚುತ್ತವೆ, ಆದರೆ ಒಂದು ಹದ ಮಳೆ ಬಿದ್ದರೂ ಸಾಬೂನಿನಂತಾಗುತ್ತವೆ. ಬಂಡೆಯ ಮಗ್ಗುಲಲ್ಲಿ ಹೆಜ್ಜೇನು ಕಟ್ಟುವುದೂ ಉಂಟು. ಹೊಗೆ, ಸುಗಂಧದ್ರವ್ಯ, ಕೂಗಾಟ ಮೂರನ್ನೂ ಊರಿನಲ್ಲೇ ಬಿಟ್ಟು ಹತ್ತಬೇಕು. ನಾನು ಒಯ್ದಿದ್ದ ಎರಡು ಲೀಟರ್ ನೀರು ತುದಿಯ ಹಾಳುಬಿದ್ದ ಗೋಪಾಲಕೃಷ್ಣ ಗುಡಿಯ ಬಳಿ ಅರ್ಧ ಮುಗಿದಿತ್ತು, ಇಳಿಯುವ ದಾರಿಯ ನಡುವೆ ಪೂರ್ತಿ ಖಾಲಿಯಾಯಿತು.

ದೇವರಾಯನದುರ್ಗದ ಬಗ್ಗೆ ಹೇಳುವುದು ಕಡಿಮೆ. ಭೋಗನರಸಿಂಹನ ಗುಡಿಯಿಂದ ಯೋಗನರಸಿಂಹನವರೆಗಿನ ಏರು ಮನೆಮಂದಿಯೆಲ್ಲ ಹತ್ತಬಹುದಾದಷ್ಟು ಸಲೀಸು. ಸುತ್ತಲಿನದು ಎಲೆ ಉದುರಿಸುವ ಕುರುಚಲು ಕಾಡಾದುದರಿಂದ ನೆರಳು ಈ ತಿಂಗಳಲ್ಲಿ ಹೆಸರಿಗಷ್ಟೇ ಇರುತ್ತದೆ, ಎಲೆ ಕಳಚಿ ಹೂವಷ್ಟೇ ಹೊತ್ತ ಮುತ್ತುಗದ ಮರಗಳು ಕಣ್ಣಿಗೆ ಹಬ್ಬವಾದರೂ ನೆತ್ತಿಗೆ ಉಪಯೋಗವಿಲ್ಲ. ಹುಲ್ಲು ಒಣಗಿ ನಿಂತಿರುವುದರಿಂದ ಒಂದು ಬೀಡಿಯ ಕಿಡಿಯೂ ಸಾಕು. ವಾಹನಗಳು ಮೇಲಿನವರೆಗೂ ಬರುವುದರಿಂದ ಭಾನುವಾರ ಮೌನವನ್ನು ನಿರೀಕ್ಷಿಸಬಾರದು. ಆದರೆ ದಣಿದವರಿಗೆ ಅದೇ ಅನುಕೂಲ.

ಅಂತರಗಂಗೆಗೆ ತುಮಕೂರಿನಿಂದ ದೂರ ಹೆಚ್ಚು, ಹಾಗಾಗಿ ಹಿಂದಿನ ರಾತ್ರಿಯೇ ಕೋಲಾರ ಸೇರಿಕೊಂಡಿದ್ದೆ. ಕಾಶಿ ವಿಶ್ವೇಶ್ವರನ ಗುಡಿಯವರೆಗೆ ಮೆಟ್ಟಿಲು. ಅಲ್ಲಿ ಕಲ್ಲುಬಸವನ ಬಾಯಿಂದ ಕಲ್ಯಾಣಿಗೆ ಬೀಳುವ ನೀರು ಬೇಸಿಗೆಯಲ್ಲೂ ನಿಲ್ಲುವುದಿಲ್ಲ. ನಿಜವಾದ ಚಾರಣ ಅದರ ಮೇಲೆ, ಶತಶೃಂಗ ಸಾಲಿನ ಬಂಡೆಗಳ ರಾಶಿಯೊಳಗೆ. ಬ್ಯಾಗನ್ನು ಬೆನ್ನಿನಿಂದ ಎದೆಗೆ ತಿರುಗಿಸಿ, ಉಸಿರು ಬಿಗಿಹಿಡಿದು, ಅಡ್ಡಡ್ಡವಾಗಿ ನುಸುಳಿದ ಒಂದು ಸಂದಿಯಲ್ಲಿ ಕಲ್ಲಿಗೆ ಕೆನ್ನೆ ತಾಗಿತು. ಹೊರಗೆ ಹತ್ತೂವರೆಯ ಬಿಸಿಲು, ಆ ಕಲ್ಲು ಮಾತ್ರ ಮಣ್ಣಿನ ಹೂಜಿಯಷ್ಟು ತಂಪು. ದೊಡ್ಡ ಬಂಡೆಗಳು ಒಂದಕ್ಕೊಂದು ನೆರಳಾಗಿ ನಿಂತಿರುವುದರಿಂದ ಒಳಗಿನ ಕಲ್ಲಿಗೆ ಬಿಸಿಲೇ ತಾಗುವುದಿಲ್ಲ. ಅನನುಕೂಲಗಳೂ ಇವೆ. ಗುಹೆಗಳ ನಡುವೆ ದಾರಿ ತಪ್ಪುವುದು ಸುಲಭ, ಹಾಗಾಗಿ ಸ್ಥಳೀಯರೊಬ್ಬರನ್ನು ಜೊತೆಗೆ ಕರೆದೊಯ್ಯುವುದು ಲೇಸು. ಮೆಟ್ಟಿಲ ಮೇಲಿನ ಕೋತಿಗಳು ನನ್ನ ಬಾಳೆಹಣ್ಣಿನ ಚೀಲವನ್ನು ಹತ್ತುವ ಮೊದಲೇ ಕಿತ್ತುಕೊಂಡವು.

ಕೋಟೆಯ ಗಾಂಭೀರ್ಯದಲ್ಲಿ ಮಧುಗಿರಿಗೆ ಉಳಿದೆರಡೂ ಸಾಟಿಯಲ್ಲ, ಆದರೂ ಶಿವರಾತ್ರಿ ಕಳೆದ ಮೇಲೆ ಅದನ್ನು ಹತ್ತಬೇಕಾದರೆ ಒಂಬತ್ತಕ್ಕೆಲ್ಲ ಕೆಳಗಿರುವಂತೆ ಹೊರಡಬೇಕು. ವಯಸ್ಸಾದವರು, ಮಕ್ಕಳು ಜೊತೆಗಿದ್ದರೆ ದೇವರಾಯನದುರ್ಗವೇ ಸರಿ. ನಾನಂತೂ ಏಪ್ರಿಲ್‌ನಲ್ಲಿ ಬಿಡುವಾದರೆ ಮತ್ತೆ ಅಂತರಗಂಗೆಗೇ ಹೋಗುವವನು, ಬಾಳೆಹಣ್ಣನ್ನು ಈ ಸಲ ಬ್ಯಾಗಿನ ತಳದಲ್ಲಿಟ್ಟುಕೊಂಡು.