ದಲಾಲಿ ಅಂಗಡಿಯ ತಂತ್ರಾಂಶಕ್ಕೆ ಕನ್ನಡ: ಮಾಡಿಸಿಕೊಂಡವರ ಅಭಿಪ್ರಾಯ

ದಾವಣಗೆರೆಯ ಎಪಿಎಂಸಿ ಪ್ರಾಂಗಣದಲ್ಲಿರುವ ನಮ್ಮ ಮೆಕ್ಕೆಜೋಳದ ದಲಾಲಿ ಅಂಗಡಿಯ ಲೆಕ್ಕವೆಲ್ಲ ಬ್ರೌಸರ್‌ನಲ್ಲಿ ನಡೆಯುವ ಒಂದು ತಂತ್ರಾಂಶದಲ್ಲಿದೆ. ತೂಕ, ದರ, ಬಾಕಿಯನ್ನು ರೈತರು ತಮ್ಮ ಫೋನಿನಲ್ಲೇ ನೋಡಿಕೊಳ್ಳಲಿ ಎಂದು, ಇಂಗ್ಲಿಷಿನಲ್ಲಷ್ಟೇ ಇದ್ದ ಅದಕ್ಕೆ ಕನ್ನಡವನ್ನು ಸೇರಿಸುವ ಕೆಲಸವನ್ನು ಒಂದು ಸಣ್ಣ ಸಂಸ್ಥೆಗೆ ವಹಿಸಿದ್ದೆವು.

ತಳಪಾಯದ ಕೆಲಸ ಅಚ್ಚುಕಟ್ಟಾಗಿದೆ. ಪುಟಗಳಲ್ಲಿ ಚದುರಿದ್ದ ಪದಗಳನ್ನೆಲ್ಲ ಹೆಕ್ಕಿ ಭಾಷೆಗೊಂದು ಕಡತದಲ್ಲಿ ಇಟ್ಟಿರುವುದರಿಂದ, ಒಂದು ಪದವನ್ನು ತಿದ್ದಲು ಪ್ರೋಗ್ರಾಮನ್ನು ಮುಟ್ಟಬೇಕಾಗಿಲ್ಲ. ಮೊತ್ತವೂ 125,000 ಎಂದಲ್ಲದೆ 1,25,000 ಎಂದೇ ಬರುತ್ತದೆ.

ಎಡವಿದ್ದು ಪದಗಳಲ್ಲಿ. ಯಂತ್ರಾನುವಾದವನ್ನು ಯಾರೂ ಓದಿ ನೋಡದೆ ಹಾಕಿದ್ದರೆಂಬುದು ಮೊದಲ ದಿನವೇ ತಿಳಿಯಿತು. ಟೆಂಡರಿಗಿಟ್ಟ ರಾಶಿಯನ್ನು ಸೂಚಿಸುವ ‘ಲಾಟ್’ ಎಂಬುದು ‘ಬಹಳಷ್ಟು’ ಆಗಿತ್ತು. ‘ಬಹಳಷ್ಟು ಸಂಖ್ಯೆ 14’ ಎಂದು ಓದಿ ಗುಮಾಸ್ತರು ನಕ್ಕರು. ‘ಬ್ಯಾಲೆನ್ಸ್’ ಎಂಬಲ್ಲಿ ‘ಸಮತೋಲನ 18,400’ ಎಂದಿದ್ದುದನ್ನು ತೋರಿಸಿ ಹಿರಿಯ ರೈತರೊಬ್ಬರು, “ಇದು ನನಗೆ ಬರೋದೋ, ನಾನು ಕೊಡೋದೋ, ಸಾವ್ಕಾರ್ರೇ?” ಎಂದು ಕೇಳಿದಾಗ ಮಾತ್ರ ನಗುವಂತಿರಲಿಲ್ಲ. ಇಂಗ್ಲಿಷಿನ ಒಂದು ಪದಕ್ಕೆ ಇಲ್ಲಿ ‘ಬರಬೇಕಾದ್ದು’, ‘ಕೊಡಬೇಕಾದ್ದು’ ಎಂದು ಎರಡು ಬೇಕಿತ್ತು.

ವಿಭಕ್ತಿಯ ತೊಡಕು ಇನ್ನೂ ಆಳದ್ದು. ಹೆಸರಿನ ಮುಂದೆ ಕಣ್ಣುಮುಚ್ಚಿ ‘ಗೆ’ ಅಂಟಿಸುವಂತೆ ಬರೆದಿದ್ದರಿಂದ ಮಂಜುನಾಥ್ ಎಂಬವರು ‘ಮಂಜುನಾಥ್ಗೆ’ ಆಗಿ, ಹೆಸರಿನ ಕೊನೆಗೆ ಗಕಾರದ ಒತ್ತು ಜೋತುಬಿದ್ದಿತ್ತು. ಪ್ರತ್ಯಯದ ಗೊಡವೆಯೇ ಬೇಡವೆಂದು ಈಗ ‘ಹಣ ಪಡೆದವರು: ಮಂಜುನಾಥ್’ ಎಂದು ಬದಲಿಸಿದ್ದಾರೆ, ಇದು ಜಾಣತನದ ಪರಿಹಾರವೇ ಸರಿ.

ಪಿಡಿಎಫ್ ಪಟ್ಟಿಯಲ್ಲಿ ಒತ್ತಕ್ಷರಗಳು ಬಿಡಿಬಿಡಿಯಾಗಿ ಮುದ್ರಣವಾಗುತ್ತಿದ್ದವು. ಅಕ್ಷರ ಜೋಡಿಸಲು ಬಾರದ ಹಳೆಯ ಲೈಬ್ರರಿಯನ್ನು (ಪಿಡಿಎಫ್ ತಯಾರಿಸುವ ಸಿದ್ಧ ಪ್ರೋಗ್ರಾಮನ್ನು) ಬಿಟ್ಟು ಬ್ರೌಸರ್‌ನಿಂದಲೇ ಮುದ್ರಿಸಿದ ಮೇಲೆ ಅದು ಸರಿಹೋಯಿತು. ನಮ್ಮ ಹಳೆಯ ಖಾತೆದಾರರ ಹೆಸರುಗಳು ‘ನುಡಿ’ ಎಂಬ ಕನ್ನಡ ತಂತ್ರಾಂಶದ ಹಳೆಯ ಫಾಂಟಿನಲ್ಲಿದ್ದುದರಿಂದ ಹುಡುಕಿದರೆ ಸಿಗುತ್ತಿರಲಿಲ್ಲ. ಅವನ್ನು ಯೂನಿಕೋಡಿಗೆ, ಅಂದರೆ ಎಲ್ಲ ಕಂಪ್ಯೂಟರ್, ಫೋನುಗಳೂ ಗುರುತಿಸುವ ಅಕ್ಷರ ಸಂಕೇತಕ್ಕೆ, ತರಲು ಪ್ರತ್ಯೇಕ ಹಣ ಕೇಳಿದರು. ಒಪ್ಪಂದದಲ್ಲಿ ಅದರ ಮಾತಿರಲಿಲ್ಲವಾದ್ದರಿಂದ ತಕರಾರಿಲ್ಲ.

ಮುಂದೆ ಉರ್ದುವನ್ನೂ ಸೇರಿಸಬೇಕೆಂದಿದೆ. ಅದು ಬಲದಿಂದ ಎಡಕ್ಕೆ ಸಾಗುವ ಲಿಪಿಯಾದ್ದರಿಂದ ಪುಟದ ವಿನ್ಯಾಸವೇ ತಿರುಗಬೇಕಾಗುತ್ತದೆ. ಆ ಕೆಲಸವನ್ನೂ ಇವರಿಗೇ ಕೊಡುತ್ತೇವೆ. ಪದಪಟ್ಟಿಯನ್ನು ಮಾತ್ರ ನಮ್ಮ ಹಮಾಲರ ಪೈಕಿ ಉರ್ದು ಓದಬಲ್ಲವರೊಬ್ಬರಿಂದ ಮೊದಲೇ ಬರೆಸಿಕೊಡುತ್ತೇವೆ.