ಮೌತ್‌ಪೀಸ್ ತರಲು ಹೋಗುವಾಗ ಟ್ರೊಂಬೋನನ್ನೂ ಹೊತ್ತುಕೊಂಡು ಹೋಗಿ

ಕುಂಬಳೆ, ಬದಿಯಡ್ಕ, ಮಂಜೇಶ್ವರದ ಕಡೆ ಬ್ಯಾಂಡ್‌ಸೆಟ್‌ನಲ್ಲಿ ಊದುವ ಹುಡುಗರು ಇದನ್ನೊಮ್ಮೆ ಓದಿಕೊಳ್ಳಿ. ನನ್ನದು ತುಟಿಗಿಟ್ಟು ಊದುವ ಮೌತ್‌ಪೀಸಿಗೆ 1,800 ರೂಪಾಯಿ, ಆಮೇಲೆ ರಿಪೇರಿಗೆ 1,200 ಹೋಯಿತು. ಹಣ ಹೋದರೆ ಹೋಗಲಿ, ತೆನೆಹಬ್ಬದ ಮೆರವಣಿಗೆಯಲ್ಲಿ ಇಡೀ ಊರಿನ ಎದುರು ಮರ್ಯಾದೆಯೂ ಹೋಯಿತು.

ನಾನು ಮೊದಲು ಟ್ರಂಪೆಟ್ ಊದುತ್ತಿದ್ದವ. ನಮ್ಮ ಸೆಟ್ಟಿನ ಟ್ರೊಂಬೋನಿನವರು ಗಲ್ಫಿಗೆ ಹೋದ ಮೇಲೆ ಅವರ ಹಳೇ ವಾಲ್ವ್ ಟ್ರೊಂಬೋನ್, ಅಂದರೆ ಬೆರಳಲ್ಲಿ ಒತ್ತುವ ವಾಲ್ವುಗಳಿರುವ ಹಿತ್ತಾಳೆಯ ಊದುವ ವಾದ್ಯ, ನನ್ನ ಪಾಲಿಗೆ ಬಂತು. ಬೆರಳು ಒತ್ತುವುದು ಟ್ರಂಪೆಟ್ಟಿನ ಹಾಗೆಯೇ, ಸ್ವರ ಮಾತ್ರ ಒಂದು ಸ್ಥಾಯಿ ಕೆಳಗೆ. ಎಳೆಯುವ ಸ್ಲೈಡ್ ಇಲ್ಲದ ಕಾರಣ ಇಕ್ಕಟ್ಟಿನ ದಾರಿಯಲ್ಲಿ ಮುಂದೆ ನಡೆಯುವವನ ಬೆನ್ನಿಗೆ ಕುಟ್ಟುವ ಹೆದರಿಕೆಯೂ ಇಲ್ಲ. ಆದರೆ ಅದರ ಮೌತ್‌ಪೀಸಿನ ಬೆಳ್ಳಿ ಲೇಪ ಸವೆದು ಒಳಗಿನ ಹಿತ್ತಾಳೆ ಕಾಣುತ್ತಿತ್ತು. ಅರ್ಧ ಗಂಟೆ ಊದಿದರೆ ತುಟಿ ತುರಿಕೆ, ಬಾಯಿ ತುಂಬ ಲೋಹದ ಕಹಿ. ಹೊಸದು ತರಲೇಬೇಕಿತ್ತು.

ಬರಿಗೈಯಲ್ಲಿ ಹೋದದ್ದೇ ನನ್ನ ತಪ್ಪು. ಬೆಳಗಿನ ಪ್ಯಾಸೆಂಜರ್ ರೈಲಿನ ರಷ್ಷಿನಲ್ಲಿ ಅಷ್ಟು ದೊಡ್ಡದನ್ನು ಯಾರು ಹೊರುವುದು ಅಂತ ಟ್ರೊಂಬೋನನ್ನು ಮನೆಯಲ್ಲೇ ಬಿಟ್ಟೆ. ಹಳೇ ಮೌತ್‌ಪೀಸನ್ನಾದರೂ ಕಿಸೆಗೆ ಹಾಕಿಕೊಳ್ಳಬಹುದಿತ್ತು, ಅದೂ ಇಲ್ಲ. ಮಂಗಳೂರಿನ ಅಂಗಡಿಯವರು ಕೇಳಿದ್ದು ಒಂದೇ ಪ್ರಶ್ನೆ.

"ವಾಲ್ವ್ ಉಂಟಲ್ವಾ ಅಣ್ಣ?"

ಉಂಟು ಅಂದೆ.

"ಹಾಗಾದ್ರೆ ಯೂಫೋನಿಯಂದೇ ಆಗ್ತದೆ. ದೊಡ್ಡದೇ ತಗೊಳ್ಳಿ, ಸೌಂಡು ತುಂಬಿ ಬರ್ತದೆ."

ಯೂಫೋನಿಯಂ ಅಂದರೆ ವಾಲ್ವ್ ಇರುವ ಇನ್ನೊಂದು ದೊಡ್ಡ ಊದುವ ವಾದ್ಯ. ವಾಲ್ವ್ ಇರುವುದಕ್ಕೂ ಮೌತ್‌ಪೀಸಿಗೂ ಎಂಥ ಸಂಬಂಧವೂ ಇಲ್ಲ ಮಾರಾಯ್ರೆ. ಸ್ಲೈಡ್ ಟ್ರೊಂಬೋನಿಗೆ ಹಾಕುವ ಮೌತ್‌ಪೀಸೇ ವಾಲ್ವಿನದ್ದಕ್ಕೂ. ನೋಡಬೇಕಾದದ್ದು ವಾದ್ಯದೊಳಗೆ ಹೋಗುವ ಬಾಲವನ್ನು, ಅಂದರೆ ಶ್ಯಾಂಕನ್ನು. ಟ್ರೊಂಬೋನಿಗೆ ಸ್ಮಾಲ್, ಲಾರ್ಜ್ ಅಂತ ಎರಡು ಶ್ಯಾಂಕ್ ಬರುತ್ತವೆ. ಯೂಫೋನಿಯಂಗಳಲ್ಲಿ ಇವೆರಡರ ನಡುವಿನ ಇನ್ನೊಂದು ಅಳತೆಯೂ ಉಂಟು. ವಾಲ್ವ್ ಟ್ರೊಂಬೋನುಗಳ ಕೊಳವೆ ಸಾಮಾನ್ಯವಾಗಿ ಸಣ್ಣದು, ಹೆಚ್ಚಿನವಕ್ಕೆ ಸ್ಮಾಲ್ ಶ್ಯಾಂಕೇ ಬೇಕು. ನನ್ನ ಕೈಗೆ ಬಂದದ್ದು ಲಾರ್ಜ್. ತುದಿಯಲ್ಲಿ ವ್ಯತ್ಯಾಸ ಸುಮಾರು 1 ಮಿಲಿಮೀಟರ್ ಅಷ್ಟೆ. ಬರೀ ಕಣ್ಣಿಗೆ ಗೊತ್ತಾಗುವುದಿಲ್ಲ.

ನಂಬರು ನೋಡಿದರೆ ಸಾಕು ಅಂತಲೂ ಅಂದುಕೊಳ್ಳಬೇಡಿ. ಬಾಖ್ ಅನ್ನುವ ಕಂಪನಿಯ ಮೌತ್‌ಪೀಸ್ ಲೆಕ್ಕದಲ್ಲಿ ನಂಬರು ಸಣ್ಣದಾದಷ್ಟು ಬಾಯಿ ಅಗಲ. 12ಸಿ ಅಂದರೆ ಕಿರಿದು, 5ಜಿ ಅಂದರೆ ಅಗಲ. ನಾನಿದನ್ನು ತಿರುಗಾಮುರುಗಾ ತಿಳಿದುಕೊಂಡಿದ್ದೆ. ಇನ್ನೊಂದು, ಒಂದೇ ನಂಬರು, ಉದಾಹರಣೆಗೆ 6½ಎಎಲ್, ಸ್ಮಾಲ್ ಶ್ಯಾಂಕಿನಲ್ಲೂ ಸಿಗುತ್ತದೆ, ಲಾರ್ಜಿನಲ್ಲೂ ಸಿಗುತ್ತದೆ. ಫೋನಿನಲ್ಲಿ ನಂಬರು ಹೇಳಿ ತರಿಸುವವರು ಎಡವುವುದು ಇಲ್ಲಿಯೇ.

ಮನೆಗೆ ಬಂದು ಹಾಕಿ ನೋಡಿದರೆ ಒಳಗೆ ಹೋದದ್ದು ಉಗುರಿನಷ್ಟು. ಸರಿಯಾದದ್ದಾದರೆ 2 ಸೆಂಟಿಮೀಟರಿನಷ್ಟು ಒಳಗಿಳಿದು, ಮೆಲ್ಲ ತಿರುಗಿಸಿದಾಗ ಕಚ್ಚಿ ನಿಲ್ಲಬೇಕು. ನನ್ನದು ಅಷ್ಟೂ ಉದ್ದ ಹೊರಗೇ ನಿಂತ ಕಾರಣ ವಾದ್ಯವೇ ಉದ್ದವಾದ ಹಾಗೆ, ಶ್ರುತಿ ಕೆಳಗೆ. ಶ್ರುತಿ ಸರಿಮಾಡುವ ಟ್ಯೂನಿಂಗ್ ಸ್ಲೈಡ್ ಪೂರ್ತಿ ಒಳಗೆ ತಳ್ಳಿದರೂ ಕ್ಲಾರಿನೆಟ್ಟಿನ ಜೊತೆ ಕೂಡುವುದಿಲ್ಲ. ಅಂಗಡಿಗೆ ಫೋನ್ ಮಾಡಿದರೆ, ಬಾಯಿಗೆ ತಾಗಿಸಿದ್ದನ್ನು ವಾಪಸ್ ತಗೊಳ್ಳುವುದಿಲ್ಲ ಅಂದರು. ಅದನ್ನು ತಪ್ಪು ಅನ್ನಲಿಕ್ಕೂ ಆಗುವುದಿಲ್ಲ ನೋಡಿ.

ಅಲ್ಲಿಗೇ ಬಿಟ್ಟಿದ್ದರೆ 1,800ಕ್ಕೆ ಮುಗಿಯುತ್ತಿತ್ತು. ನಾನು ಅದನ್ನು ಲೇತ್ ಅಂಗಡಿಗೆ ಒಯ್ದು ಶ್ಯಾಂಕಿನ ಹೊರಮೈ ಸವೆಸಿ ಸಪೂರ ಮಾಡಿಸಿದೆ. ಶ್ಯಾಂಕ್ ಬುಡದಿಂದ ತುದಿಗೆ ಹದವಾಗಿ ಸಪೂರವಾಗುತ್ತ ಹೋಗಬೇಕು. ಆ ಪಾಪದವರಿಗೆ ಅದು ಹೇಗೆ ಗೊತ್ತಿರುತ್ತದೆ, ನಾನೂ ಹೇಳಲಿಲ್ಲ. ಪೈಪಿನ ಹಾಗೆ ಒಂದೇ ಸಮ ಮಾಡಿ ಕೊಟ್ಟರು. ಹಾಕಿದರೆ ತುದಿಯಲ್ಲಿ ಬಿಗಿ, ಬುಡದಲ್ಲಿ ಸಡಿಲ, ಊದುವಾಗ ಗಡಗಡ ಅಲ್ಲಾಡುತ್ತದೆ. ಅಲ್ಲಾಡದಿರಲಿ ಅಂತ ಸೆಪ್ಟೆಂಬರ್ 8ರ ತೆನೆಹಬ್ಬದ ಬೆಳಿಗ್ಗೆ ಇಗರ್ಜಿಯ ಅಂಗಳದಲ್ಲಿ ನಿಂತು ಅಂಗೈಯಿಂದ ಒಂದು ಏಟು ಕೊಟ್ಟೆ. ಹಾಗೆ ಯಾವತ್ತೂ ಹೊಡೆಯಬೇಡಿ.

ಮಕ್ಕಳು ಹೂವಿನ ಬುಟ್ಟಿ ಹಿಡಿದು ನಡೆಯುತ್ತಿದ್ದರು, ಹಿಂದೆ ಹೊಸ ತೆನೆ, ಮುಂದೆ ನಾವು. ಕಾಲು ಗಂಟೆಯೊಳಗೆ ನನ್ನ ತುಟಿ ಸೋತಿತು. ಆ ಮೌತ್‌ಪೀಸಿನ ಆಳದ ಬಟ್ಟಲಿಗೆ ಗಾಳಿ ಸುರಿದಷ್ಟೂ ಸಾಲುವುದಿಲ್ಲ, ಮೇಲಿನ ಸ್ವರ ಒಂದೂ ನಿಲ್ಲುವುದಿಲ್ಲ. ಬಂದ ಸ್ವರವಾದರೂ ಕಂಬಳಿ ಮುಚ್ಚಿ ಊದಿದ ಹಾಗೆ. "ಎಂಥದು ಮಾರಾಯ, ಎಮ್ಮೆ ಕೂಗಿದ ಹಾಗೆ," ಅಂತ ಬ್ಯಾಂಡ್ ಮಾಷ್ಟ್ರು ತಿರುಗಿ ನೋಡಿದರು. ಉಳಿದ ದಾರಿ ಪೂರ್ತಿ ಊದುವವನ ಹಾಗೆ ಕೆನ್ನೆ ಉಬ್ಬಿಸಿಕೊಂಡು ನಡೆದೆ.

ಸಂಜೆ ತೆಗೆಯಲು ಹೋದರೆ ಮೌತ್‌ಪೀಸ್ ಅಲ್ಲಾಡುವುದೇ ಇಲ್ಲ. ಪಕ್ಕದ ಮನೆಯ ಪ್ಲಂಬರ್ ಅಣ್ಣ ಪೈಪ್ ರೆಂಚ್ ಹಾಕಿ ತಿರುಗಿಸಿದರು. ಮೌತ್‌ಪೀಸಿನ ಜೊತೆಗೇ ಮುಂದಿನ ಕೊಳವೆಯ ಬೆಸುಗೆಯೂ ಬಿಟ್ಟು ಬಂತು. ಇದಕ್ಕೆಂದೇ ಮೌತ್‌ಪೀಸ್ ಪುಲ್ಲರ್ ಅಂತ ಒಂದು ಸಾಧನ ಉಂಟು, ಸ್ಕ್ರೂ ತಿರುಗಿಸಿದರೆ ತಿರುಚದೆ ನೇರ ಹಿಂದಕ್ಕೆ ಎಳೆಯುತ್ತದೆ. ರಿಪೇರಿಯವರು ಎರಡೇ ನಿಮಿಷದಲ್ಲಿ ಆಗುತ್ತಿತ್ತು ಅಂದರು. ಸಿಕ್ಕಿಕೊಂಡರೆ ಇಕ್ಕುಳ, ರೆಂಚ್ ಯಾವುದನ್ನೂ ಹತ್ತಿರ ತರದೆ ಸೀದಾ ಅವರಲ್ಲಿಗೇ ಒಯ್ಯಿರಿ.

ಈಗ ಸ್ಮಾಲ್ ಶ್ಯಾಂಕಿನ 6½ಎಎಲ್ ಊದುತ್ತಿದ್ದೇನೆ. ಈ ಸಲ ಟ್ರೊಂಬೋನನ್ನು ಬಸ್ಸಿನಲ್ಲಿ ಮಡಿಲಲ್ಲೇ ಇಟ್ಟುಕೊಂಡು ಹೋಗಿ, ಹಾಕಿ, ತಿರುಗಿಸಿ, ಅಂಗಡಿಯಲ್ಲೇ ಹತ್ತು ನಿಮಿಷ ಊದಿ ತಂದದ್ದು. ಟ್ರಂಪೆಟ್ಟಿನಿಂದ ಬಂದ ಕೆಲವರಿಗೆ 12ಸಿ ಹಗುರ ಆಗಬಹುದು, ಅದು ನಿಮ್ಮ ನಿಮ್ಮ ತುಟಿಯ ವಿಷಯ.

ಲೇತಿಗೆ ಹಾಕಿದ ಆ ಇನ್ನೊಂದು ಈಗ ಯೂಫೋನಿಯಂಗೂ ಆಗುವುದಿಲ್ಲ. 500ಕ್ಕೆ ಯಾರಿಗಾದರೂ ದಾಟಿಸಿಬಿಡು ಅಂತ ತಮ್ಮ ಹೇಳುತ್ತಿದ್ದಾನೆ. ಕೊಡುವುದಿಲ್ಲ. ಇನ್ನೊಬ್ಬನ ಟ್ರೊಂಬೋನಿನಲ್ಲಿ ಹೋಗಿ ಸಿಕ್ಕಿಕೊಳ್ಳುವುದು ಬೇಡ.