ಬೆಂಡಿನ ಹೊಗೆಯೋ, ಬೆಂಡಿನ ಕಾವೋ?

ಹುಬ್ಬಳ್ಳಿ ತಾರಿಹಾಳದ ಶೆಡ್ಡಿನಲ್ಲಿ ಹಳೆ ಲಾರಿಯ ಟರ್ಬೋಚಾರ್ಜರಿಗೆ ಉರಿಕೋಣೆ ಕೂಡಿಸಿ ಪುಟ್ಟ ಗ್ಯಾಸ್ ಟರ್ಬೈನ್ ಮಾಡಿಕೊಂಡಿದ್ದೇವೆ. ಒಂದು ಗಾಲಿ (ಕಂಪ್ರೆಸರ್) ಗಾಳಿಯನ್ನು ಎಳೆದು ಒತ್ತುತ್ತದೆ, ಉರಿಕೋಣೆಯಲ್ಲಿ ಕಾದ ಆ ಗಾಳಿ ಇನ್ನೊಂದು ಗಾಲಿಯ (ಟರ್ಬೈನ್) ರೆಕ್ಕೆಗಳನ್ನು ತಿರುಗಿಸುತ್ತದೆ. ಕರೆಂಟ್ ಹುಟ್ಟಿಸುವುದಿಲ್ಲ, ತನ್ನ ಬಲದ ಮೇಲೆ ತಾನು ತಿರುಗುತ್ತದೆ. ಪರೀಕ್ಷೆಗೆ ಅಷ್ಟು ಸಾಕು. ದಾಭೋಳ–ಬೆಂಗಳೂರು ಗ್ಯಾಸ್ ಕೊಳವೆ 2013ರಿಂದ ಧಾರವಾಡ, ಗದಗ ಹಾದು ಹೋಗುತ್ತಿದೆ. ಇತ್ತ ಹಾವೇರಿ ಸೀಮೆಯಲ್ಲಿ ಕಾಳು ಬಿಡಿಸಿದ ಗೋವಿನಜೋಳದ ಬೆಂಡು ಕಣದ ಬದಿಗೆ ರಾಶಿ ಬಿದ್ದಿರುತ್ತದೆ. ಇವೆರಡನ್ನೂ ಒಂದೇ ಟರ್ಬೈನಿಗೆ ಉಣಿಸಬಹುದೇ ಎಂದು ನೋಡಬೇಕಿತ್ತು.

ಮೊದಲು ಬರೀ ಸಿಎನ್‌ಜಿ, ಅಂದರೆ ಒತ್ತಿ ಸಿಲಿಂಡರಿಗೆ ತುಂಬಿದ ನೈಸರ್ಗಿಕ ಅನಿಲ. ವಾಲ್ವ್ ತಿರುವಿದರೆ ಹೊತ್ತುತ್ತದೆ, ರೆಕ್ಕೆ ಸ್ವಚ್ಛವಾಗಿರುತ್ತವೆ. ಆದರೆ ಕಾವೆಲ್ಲ ದುಡ್ಡು ಕೊಟ್ಟು ತಂದದ್ದೇ.

ಆಮೇಲೆ ಬೆಂಡನ್ನು ಗ್ಯಾಸಿಫೈಯರ್ ಎಂಬ ಒಲೆಯಲ್ಲಿ ಕಡಿಮೆ ಗಾಳಿ ಕೊಟ್ಟು ಅರೆಬರೆ ಸುಟ್ಟು, ಬಂದ ಅನಿಲವನ್ನು ಸಿಎನ್‌ಜಿ ಜೊತೆ ಉರಿಸಿದೆವು. ಇದರಲ್ಲಿ ಅರ್ಧದಷ್ಟು ಬರೀ ಸಾರಜನಕ. ಘನಮೀಟರಿಗೆ ಸುಮಾರು 5 ಮೆಗಾಜೂಲ್ ಶಾಖ ಸಿಗುತ್ತದೆ. ನೈಸರ್ಗಿಕ ಅನಿಲದಲ್ಲಿ 35ಕ್ಕೂ ಹೆಚ್ಚು. ಅಂದರೆ ಅದೇ ಕಾವಿಗೆ ಏಳು ಪಟ್ಟು ಅನಿಲ, ಅದನ್ನೆಲ್ಲ ಒತ್ತಡಕ್ಕೇರಿಸಬೇಕು. ನಾವು ಅದನ್ನು ಗಾಳಿ ಎಳೆಯುವ ಬಾಯಿಗೇ ಬಿಟ್ಟೆವು. ಅದೇ ತಪ್ಪಾಯಿತು. ಶೋಧಿಸಿದರೂ ಉಳಿದ ಟಾರು, ಅಂದರೆ ಹೊಗೆಯ ಅಂಟುಜಿಡ್ಡು, ಕಂಪ್ರೆಸರ್ ಗಾಲಿಗೆ ಅಂಟಿ, ಸಮತೋಲ ಕೆಟ್ಟು, ಯಂತ್ರ ನಡುಗತೊಡಗಿತು. ಬಿಚ್ಚಿದಾಗ ಬೆಂಡು ತಂದುಕೊಟ್ಟ ರಾಣೆಬೆನ್ನೂರಿನ ಕಾಕಾ ಅಲ್ಲೇ ಇದ್ದರು: “ತಮ್ಮಾ, ದಿನಾ ಹೊಗಿ ಕುಡಿಸಿದ್ರ ಯಾರ ಎದಿ ಉಳೀತೈತಿ?” ಈ ಅನಿಲದಲ್ಲಿ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ಬೇರೆ ಇದೆ, ಅದಕ್ಕೆ ವಾಸನೆ ಇಲ್ಲ. ಮುಚ್ಚಿದ ಶೆಡ್ಡಿನಲ್ಲಿ ದಯವಿಟ್ಟು ಮಾಡಬೇಡಿ.

ಮೂರನೆಯದು ನನ್ನ ಮನಸ್ಸಿಗೆ ಹಿಡಿಸಿದ್ದು. ಬೆಂಡನ್ನು ಹೊರಗಿನ ಒಲೆಯಲ್ಲಿ ಸುಟ್ಟು, ಕಂಪ್ರೆಸರಿನಿಂದ ಬಂದ ಗಾಳಿಯನ್ನು ಅದರೊಳಗಿನ ಕೊಳವೆ ಸುರುಳಿಯಲ್ಲಿ ಹಾಯಿಸಿದೆವು. ಹೊಗೆ, ಬೂದಿ ಯಾವುದೂ ರೆಕ್ಕೆ ಮುಟ್ಟುವುದಿಲ್ಲ. ಗಾಳಿ 120 ಡಿಗ್ರಿಗೆ ಒಳಹೋಗಿ 450ಕ್ಕೆ ಹೊರಬರುತ್ತದೆ. ಅಲ್ಲಿಂದ 700ಕ್ಕೆ ಏರಿಸುವುದಷ್ಟೇ ಗ್ಯಾಸಿನ ಕೆಲಸ. ಅರ್ಧಕ್ಕಿಂತ ಹೆಚ್ಚು ಕಾವು ಬೆಂಡಿನದೇ ಆಯಿತು. ಟರ್ಬೈನು ಬಿಟ್ಟ ಬಿಸಿಗಾಳಿಯಲ್ಲಿ ಆಮ್ಲಜನಕ ಇನ್ನೂ ಉಳಿದಿರುವುದರಿಂದ ಅದನ್ನೇ ಒಲೆಗೆ ಊದುತ್ತೇವೆ. ಕರೆಂಟ್ ಹುಟ್ಟಿಸುವ 100 ಕಿಲೋವ್ಯಾಟಿನ ಮೈಕ್ರೋಟರ್ಬೈನ್ (ಸಣ್ಣ ಗ್ಯಾಸ್ ಟರ್ಬೈನ್) ಸುಮಾರು 950 ಡಿಗ್ರಿ ಕೇಳುತ್ತದೆ. ಅಷ್ಟು ಕಾವನ್ನು ಲೋಹದ ಕೊಳವೆ ಬಹಳ ದಿನ ತಾಳಲಾರದು. ಅಲ್ಲಿಯೂ ಮೇಲಿನ ಪಾಲಿಗೆ ಗ್ಯಾಸ್ ಬೇಕೇ ಬೇಕು.

ತೊಂದರೆ ಇಲ್ಲದಿಲ್ಲ. ಒಲೆ ಕಾಯಲು ಮುಕ್ಕಾಲು ತಾಸು ಬೇಕು. ಸುರುಳಿಯಲ್ಲಿ ಹಾಯುವಾಗ ಗಾಳಿಯ ಒತ್ತಡ ಕುಗ್ಗಿ ಟರ್ಬೈನಿನ ವೇಗ ಇಳಿಯುತ್ತದೆ. ಕೊಳವೆಗೆ ಕೂತ ಮಸಿ ವಾರಕ್ಕೊಮ್ಮೆ ತಿಕ್ಕಬೇಕು. ಸಾದಾ ಕಬ್ಬಿಣದ ಮೊದಲ ಸುರುಳಿ ಪದರು ಪದರಾಗಿ ಎದ್ದುಬಂತು, ಈಗಿನದು ಸ್ಟೇನ್‌ಲೆಸ್ ಸ್ಟೀಲ್. ದೊಡ್ಡ ಅಂಜಿಕೆ ಇನ್ನೊಂದು: ಗ್ಯಾಸ್ ನಿಲ್ಲಿಸಿದರೆ ಟರ್ಬೈನ್ ನಿಲ್ಲುತ್ತದೆ, ಒಲೆ ನಿಲ್ಲುವುದಿಲ್ಲ. ಗಾಳಿಯಾಡದ ಕೊಳವೆ ಕೆಂಪಗಾಗುತ್ತದೆ. ಅದಕ್ಕೇ ಬ್ಯಾಟರಿ ಮೇಲೆ ಓಡುವ ಬೇರೆ ಬ್ಲೋವರ್ ಕಟ್ಟಿದ್ದೇವೆ.

ದಿನಕ್ಕೆ ಎರಡು ತಾಸು ಮಾತ್ರ ಓಡಿಸುವವರಿಗೆ ಬರೀ ಗ್ಯಾಸೇ ಸರಿ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಒಣಗಿಸುವಂಥ, ದಿನವಿಡೀ ಕಾವು ಬೇಕಾದ ಕಡೆ ನಾನು ಹೊರಗಿನ ಒಲೆಯನ್ನೇ ಆರಿಸುತ್ತೇನೆ. ಮುಂದಿನ ಸಲ ಒಲೆಗೆ ಗದಗಿನ ಹತ್ತಿ ಕಟ್ಟಿಗೆ ಹಾಕಿ ನೋಡುವುದಿದೆ.